ಅಚ್ಚರಿ ಸಾಹೇಬರ ಹುಬ್ಬಿನ ನಾಟಿ

ಸಿಟ್ಟು ಬಂದರೆ ಸಾಲದು, ಬಂದಿದೆ ಅಂತ ಎದುರಿಗಿರುವವರಿಗೆ ಗೊತ್ತಾಗಬೇಕು. ಜಗತ್ತಿನ ಗಂಡಸರಿಗೆಲ್ಲ ಹುಟ್ಟಿನಿಂದಲೇ ಸಿಕ್ಕಿರುವ ಈ ಸಣ್ಣ ಸೌಲಭ್ಯ ಅಚ್ಚರಿ ಸಾಹೇಬರಿಗೆ ಮಾತ್ರ ಇರಲಿಲ್ಲ.

ಸಾಹೇಬರು ಒಂದು ವಿಮಾ ಕಚೇರಿಯಲ್ಲಿ ವಿಭಾಗದ ಮುಖ್ಯಸ್ಥರು. ದೊಡ್ಡ ಮೇಜಿತ್ತು, ಮೇಜಿನ ಮೇಲೆ ಕರೆಗಂಟೆಯಿತ್ತು, ಗಂಟೆ ಒತ್ತಿದರೆ ಬರಬೇಕಾದ ಗುಮಾಸ್ತರೂ ಇದ್ದರು. ಇಲ್ಲದ್ದು ಹುಬ್ಬು. ಕೆಲವು ವರ್ಷಗಳ ಹಿಂದೆ ಬಂದ ಯಾವುದೋ ಹಾಳು ಜ್ವರ, ಹೋಗುವಾಗ ಎರಡೂ ಹುಬ್ಬುಗಳನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. (ತಲೆಗೂದಲನ್ನು ಮುಟ್ಟಿರಲಿಲ್ಲ. ಬೋಳು ತಲೆಯವರು ಸಾವಿರ ಜನ ಸಿಗುತ್ತಾರೆ, ಇವರನ್ನು ಬೇರೆಯಾಗಿಯೇ ಗುರುತಿಸಬೇಕು ಅಂತ ಜ್ವರಕ್ಕೆ ಅನ್ನಿಸಿರಬೇಕು.) ಅಂದಿನಿಂದ ಅವರ ಹಣೆ ಕಣ್ಣಿನವರೆಗೂ ತಡೆಯಿಲ್ಲದೆ ಹರಡಿಕೊಂಡು, ಮುಖ ಸದಾ ‘ಹೌದಾ? ಯಾವಾಗ?’ ಅನ್ನುವ ಹಾಗೆ ಕಾಣುತ್ತಿತ್ತು. ಕಚೇರಿಯವರು ಬೆನ್ನ ಹಿಂದೆ ಅಚ್ಚರಿ ಸಾಹೇಬರು ಎಂದು ಹೆಸರಿಟ್ಟರು. ಹೆಸರು ಬೆನ್ನ ಹಿಂದಿನಿಂದ ಮುಂದಕ್ಕೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ಗುಮಾಸ್ತ ತಡವಾಗಿ ಬಂದರೆ ಸಾಹೇಬರು ಮೈಯೆಲ್ಲ ಸಿಟ್ಟಾಗಿ ದುರುಗುಟ್ಟಿ ನೋಡುತ್ತಿದ್ದರು. ಅವನು ಅನುಕಂಪದಿಂದ, “ಯಾಕೆ ಸಾರ್, ನಿಮಗೆ ಗೊತ್ತಿರಲಿಲ್ವಾ? ನಿನ್ನೇನೇ ಎಲ್ಲರಿಗೂ ಹೇಳಿದ್ನಲ್ಲ ಲೇಟಾಗತ್ತೆ ಅಂತ,” ಎಂದು ಸಮಾಧಾನ ಮಾಡಿ ಹೋಗುತ್ತಿದ್ದ.

ಕಚೇರಿಯ ಸಂಕಟವನ್ನಾದರೂ ಸಂಜೆಗೆ ಬಿಟ್ಟು ಬರಬಹುದಿತ್ತು. ಮನೆಯದನ್ನು ಎಲ್ಲಿ ಬಿಡುವುದು? ಸಾಹೇಬರ ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಅವರ ಹುಬ್ಬುಗಳು ಕೈವಾರ ಹಿಡಿದು ಎಳೆದಂಥವು. ದಟ್ಟ, ಕಪ್ಪು, ಒಂದಕ್ಕೊಂದು ಸಮ. ಎಡಹುಬ್ಬು ಕೂದಲೆಳೆಯಷ್ಟು ಮೇಲೆದ್ದರೆ ಇಡೀ ತರಗತಿ ಗಪ್‌ಚಿಪ್ಪಾಗುತ್ತಿತ್ತು. ಎರಡೂ ಎದ್ದರೆ ಪಕ್ಕದ ತರಗತಿಯೂ. ಮನೆಯ ಆಡಳಿತಕ್ಕೆ ಬಲಹುಬ್ಬೊಂದೇ ಧಾರಾಳವಾಗಿ ಸಾಕಾಗುತ್ತಿತ್ತು. ಯಾವ ಪರದೆ, ಯಾವ ಸೋಪು, ಯಾವ ಭಾನುವಾರ ಯಾರ ಮನೆಗೆ ಎನ್ನುವುದೆಲ್ಲ ಆ ಹುಬ್ಬಿನ ಏರಿಳಿತದಲ್ಲೇ ತೀರ್ಮಾನವಾಗುತ್ತಿತ್ತು. ಎದುರುತ್ತರ ಕೊಡಲು ಸಾಹೇಬರಿಗೆ ಬಾಯಿಯಿತ್ತು, ನಿಜ. ಆದರೆ ಹುಬ್ಬಿಗೆ ಬಾಯಿ ಎಲ್ಲಿ ಸಾಟಿ?

ಕೊನೆಗೆ ವಿಷಯ ರೇಡಿಯೊ ಕೋಣೆಗೆ ಬಂತು. ಮನೆಯ ಮೂಲೆಯ ಪುಟ್ಟ ಕೋಣೆಯಲ್ಲಿ ಸಾಹೇಬರು ಹಳೆಯ ರೇಡಿಯೊಗಳನ್ನು ಗುಡ್ಡೆ ಹಾಕಿಕೊಂಡು, ಬಿಡುವಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದರು. (ಜೋಡಿಸಿದ ಮೇಲೆ ಹಾಡಿದವು ಕಡಿಮೆ. ಆದರೆ ಆ ಕೋಣೆಯಲ್ಲಿ ಮಾತು ಕೇಳದವು ರೇಡಿಯೊಗಳು ಮಾತ್ರ, ಅದೇ ಅವರಿಗೊಂದು ನೆಮ್ಮದಿ.)

“ಆ ಕೋಣೆ ಖಾಲಿ ಮಾಡಿ. ಶಾಲೆ ಮಕ್ಕಳಿಗೆ ಪಾಠ ಹೇಳೋಕೆ ಜಾಗ ಬೇಕು,” ಅಂದರು ಹೆಂಡತಿ ಒಂದು ಸಂಜೆ.

ಸಾಹೇಬರು ಎದ್ದು ನಿಂತರು. ಮದುವೆಯಾದಂದಿನಿಂದ ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಒಟ್ಟು ಮಾಡಿ ಮುಖಕ್ಕೆ ತಂದರು. ಹಣೆ ಬಿಗಿದು, ಕಣ್ಣು ಅಗಲಿಸಿ, ಮಾತಾಡದೆ ನೋಡಿದರು.

ಹೆಂಡತಿಯ ಮುಖ ಮೃದುವಾಯಿತು. “ಅಯ್ಯೋ ಪಾಪ, ಇಷ್ಟೊಂದು ಖುಷಿಯಾಗತ್ತೆ ಅಂದ್ಕೊಂಡಿರಲಿಲ್ಲ ರೀ. ಬರೋ ವಾರಾನೇ ಶುರು ಮಾಡೋಣ ಹಾಗಾದ್ರೆ.”

ಆ ಸಂಜೆಯೇ ಸಾಹೇಬರು ಪ್ರತಿಜ್ಞೆ ಮಾಡಿದರು: ಹುಬ್ಬು ಬೇಕು. ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಕೂದಲು ನಾಟಿ ಮಾಡುವ ಆಸ್ಪತ್ರೆಯೊಂದಕ್ಕೆ ಹೋದರು. ಅಲ್ಲಿನ ಡಾಕ್ಟರು ಎಳೆಯ ವಯಸ್ಸಿನ ಹೆಂಗಸು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

“ತಲೆಯ ಹಿಂಭಾಗದಿಂದ ಕೂದಲನ್ನ ಬೇರು ಸಮೇತ ಒಂದೊಂದಾಗಿ ತೆಗೆದು ಹುಬ್ಬಿನ ಜಾಗದಲ್ಲಿ ನೆಡ್ತೀವಿ. ಯಾವ ಥರದ ಹುಬ್ಬು ಬೇಕು ನಿಮಗೆ?” ಅಂದರು.

ಸಾಹೇಬರು ಮೆಲ್ಲಗೆ ಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ನೋಡಿ, “ಇದು ಹೆಂಗಸರ ಹುಬ್ಬು,” ಎಂದರು.

“ನನ್ನ ಹೆಂಡತೀದು.”

“ನಿಮ್ಮ ಮುಖಕ್ಕೆ ಈ ಆಕಾರ ಹೊಂದಲ್ಲ.”

“ಆಕಾರ ಬೇಡ ಡಾಕ್ಟ್ರೇ, ಅಧಿಕಾರ ಬೇಕು.”

ಡಾಕ್ಟರು ಫೋಟೊವನ್ನು ಮತ್ತೊಮ್ಮೆ ನೋಡಿದರು, ಸಾಹೇಬರನ್ನೂ ನೋಡಿದರು. ಆಮೇಲೆ ಪ್ರಶ್ನೆ ಕೇಳದೆ ಒಂದು ದಿನ ಗೊತ್ತುಮಾಡಿದರು.

ಮನೆಯಲ್ಲಿ ಹೇಳಲೇಬೇಕಾಯಿತು. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಕೇಳಿದವರೇ ಬಲಹುಬ್ಬನ್ನು ಏರಿಸಿ, “ಈಗ ಯಾಕೆ? ಇರೋ ಹಾಗೇ ಇರಿ. ನನಗೇನೂ ತೊಂದರೆ ಇಲ್ಲ,” ಅಂದರು.

“ನಿನಗೆ ತೊಂದರೆ ಇಲ್ಲ ಅನ್ನೋದೇ ನನ್ನ ತೊಂದರೆ,” ಅಂದರು ಸಾಹೇಬರು. ಬಹಳ ದಿನಗಳ ಮೇಲೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದಿತ್ತು. ಆದರೆ ಹೆಂಡತಿ ಅಷ್ಟರಲ್ಲಿ ಮುಂದಿನ ಪತ್ರಿಕೆಗೆ ಹೋಗಿದ್ದರು.

ಶಸ್ತ್ರಚಿಕಿತ್ಸೆಯ ದಿನ ಹಣೆಗೂ ತಲೆಯ ಹಿಂದಕ್ಕೂ ಜೋಮು ಹಿಡಿಸುವ ಸೂಜಿ ಚುಚ್ಚಿದರು. ಸೂಜಿ ಚುಚ್ಚುವುದು ನಾಟಿಯಲ್ಲಿ ನೋವಾಗದಿರಲಿ ಅಂತ. ಆ ಸೂಜಿಯ ನೋವಿಗೆ ಯಾವ ಸೂಜಿಯೂ ಇರಲಿಲ್ಲ. ಮೊದಲು ಬೋರಲು ಮಲಗಿಸಿ ಕೂದಲು ಕಿತ್ತರು, ಆಮೇಲೆ ಅಂಗಾತ ಮಲಗಿಸಿ ನೆಟ್ಟರು. ಬೆಳಗ್ಗೆ ಶುರುವಾದ ನಾಟಿ ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ಅಷ್ಟು ಹೊತ್ತೂ ಡಾಕ್ಟರೂ ನರ್ಸೂ ಸಾಹೇಬರ ಮುಖದ ಮೇಲೆ ಬಗ್ಗಿಕೊಂಡು, ನರ್ಸಿನ ಮನೆಯ ಅಡುಗೆ ಕಟ್ಟೆಗೆ ಯಾವ ಬಣ್ಣದ ಕಲ್ಲು ಹಾಕಿಸಬೇಕು ಎಂದು ಚರ್ಚಿಸಿದರು. ಸಾಹೇಬರಿಗೆ ಬೂದು ಬಣ್ಣ ಒಳ್ಳೆಯದು ಅನ್ನಿಸಿತು. ಯಾರೂ ಕೇಳಲಿಲ್ಲ.

ಮುಗಿದ ಮೇಲೆ ಡಾಕ್ಟರು ನಿಯಮಗಳನ್ನು ಹೇಳಿದರು: ಔಷಧಿ ನೀರು ಬಿಟ್ಟು ಬೇರೆ ನೀರು ತಾಗಿಸಬಾರದು, ಕೆರೆಯಬಾರದು, ಬಗ್ಗಬಾರದು, ದಿಂಬುಗಳಿಗೆ ಒರಗಿ ಕೂತೇ ಮಲಗಬೇಕು. ಕೊನೆಗೆ, “ಸ್ವಲ್ಪ ದಿನ ಯಾವ ಕಾರಣಕ್ಕೂ ಹುಬ್ಬು ಗಂಟಿಕ್ಕಬಾರದು,” ಎಂದರು.

ಹೆಂಡತಿ ಕರೆದುಕೊಂಡು ಹೋಗಲು ಬಂದಿದ್ದರು. ಅಷ್ಟರಲ್ಲಿ ಸಾಹೇಬರ ಹಣೆ ಊದಿ, ಊತ ಕಣ್ಣಿಗಿಳಿದು, ಕಣ್ಣ ಸುತ್ತ ನೇರಳೆ ಬಣ್ಣ ತಿರುಗತೊಡಗಿತ್ತು. ಹುಬ್ಬು ಹಾಕಿಸಿಕೊಳ್ಳಲು ಹೋದವರು ಉಬ್ಬು ಹಾಕಿಸಿಕೊಂಡು ಹೊರಟರು. ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವರನ್ನು ನೋಡಿ ಮರುಗಿ, “ಯಾರು ಸಾರ್ ಹೀಗೆ ಹೊಡೆದಿದ್ದು?” ಅಂದ. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ಇಳಿಯುವಾಗ ಸಾಹೇಬರ ಕೈಯನ್ನು ಒಮ್ಮೆ ಒತ್ತಿ ಬಿಟ್ಟ.

ಮರುದಿನ ಬೆಳಗ್ಗೆ ಎರಡೂ ಕಣ್ಣು ಪೂರ್ತಿ ಮುಚ್ಚಿಹೋದವು. ಹೆಂಡತಿಗೆ ಶಾಲೆ ಬಿಡುವಂತಿರಲಿಲ್ಲ. ಹಾಗಾಗಿ ಅತ್ತೆ ಬಂದರು. ಅತ್ತೆ ಅಂದರೆ ಹೆಂಡತಿಯ ಹುಬ್ಬುಗಳ ಮೂಲ ಪ್ರತಿ. ವಯಸ್ಸಾಗಿ ಬಣ್ಣ ಬೆಳ್ಳಗಾಗಿದ್ದರೂ ಕಾರ್ಯಕ್ಷಮತೆ ಕಡಿಮೆಯಾಗಿರಲಿಲ್ಲ.

ನೆಟ್ಟ ಜಾಗ ಒಣಗದಂತೆ ಆಗಾಗ ಔಷಧಿ ನೀರು ಚಿಮುಕಿಸಬೇಕಿತ್ತು. ಹೂಕುಂಡಗಳ ವಿಷಯದಲ್ಲಿ ಅತ್ತೆಗೆ ಬಹಳ ಅನುಭವ. ಆಸ್ಪತ್ರೆಯ ಸಣ್ಣ ಬಾಟಲಿಯನ್ನು ಬದಿಗಿಟ್ಟು, ಔಷಧಿ ನೀರನ್ನು ಹೊಸದೊಂದು ಗಿಡದ ಪಿಚಕಾರಿಗೆ ತುಂಬಿಕೊಂಡು ಹೊತ್ತು ಹೊತ್ತಿಗೆ ಬರುತ್ತಿದ್ದರು.

“ಅಳಿಯಂದ್ರೇ, ಮುಖ ಬಿಸಿಲ ಕಡೆ ತಿರುಗಿಸಿ.”

“ಬಿಸಿಲು ಬೀಳಬಾರದು ಅಂದಿದಾರೆ ಅತ್ತೆ.”

“ಬಿಸಿಲಿಲ್ಲದೆ ಏನು ಚಿಗುರತ್ತೆ? ಡಾಕ್ಟ್ರು ಯಾವತ್ತಾದ್ರೂ ಒಂದು ಗಿಡ ಬೆಳೆಸಿದಾರಾ?” ಎಂದು ಅತ್ತೆ ಪಿಚಕಾರಿ ಒತ್ತುತ್ತಿದ್ದರು. ನೀರು ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಬನಿಯನ್ನಿಗೆ ಇಳಿಯುತ್ತಿತ್ತು.

ಹೀಗೆ ಕಣ್ಣು ಕಾಣದೆ, ದಿಂಬುಗಳ ಮಧ್ಯೆ ಗೊಂಬೆಯಂತೆ ಕೂತಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಮೂಲೆಯ ಕೋಣೆಯಿಂದ ಸದ್ದು ಕೇಳಿಸಿತು. ಮೊದಲು ಏನನ್ನೋ ಎಳೆದ ಸದ್ದು. ಆಮೇಲೆ ಡಬ್ಬದೊಳಗೆ ತಿರುಪುಮೊಳೆಗಳು ಕುಲುಕಿದ ಸದ್ದು. ಅದು ತಮ್ಮ ದೊಡ್ಡ ರೇಡಿಯೊದ ತಿರುಪುಮೊಳೆ ಡಬ್ಬ ಎಂದು ಸಾಹೇಬರಿಗೆ ಕಿವಿಯಲ್ಲೇ ಗೊತ್ತಾಯಿತು.

“ಏನಾಗ್ತಿದೆ ಅಲ್ಲಿ?” ಅಂದರು.

“ಏನಿಲ್ಲ ರೀ, ಸ್ವಲ್ಪ ಧೂಳು ಹೊಡೀತಿದೀನಿ,” ಅಂದರು ಹೆಂಡತಿ.

“ಧೂಳು ಯಾಕೆ ಮೆಟ್ಟಿಲು ಇಳೀತಿದೆ?”

ಸಾಹೇಬರಿಗೆ ಎದ್ದು ಹೋಗಬೇಕೆನ್ನಿಸಿತು. ಬಗ್ಗದೆ ಚಪ್ಪಲಿ ಸಿಗಲಿಲ್ಲ. ಸಿಟ್ಟಿನಿಂದ ಹಣೆ ತಾನಾಗಿಯೇ ಬಿಗಿಯತೊಡಗಿತು. “ಅಳಿಯಂದ್ರೇ, ಗಂಟಿಕ್ಕಬೇಡಿ, ಬೇರು ಅಲ್ಲಾಡತ್ತೆ,” ಎಂದು ಅತ್ತೆ ಮುಖದ ಮೇಲೊಮ್ಮೆ ಪಿಚಕಾರಿ ಹೊಡೆದರು. ಸಾಹೇಬರು ಹಣೆ ಸಡಿಲಿಸಿದರು. ಅವರ ಜೀವಮಾನದ ರೇಡಿಯೊಗಳು ಒಂದೊಂದಾಗಿ ಕಾರು ನಿಲ್ಲಿಸುವ ಶೆಡ್ಡಿಗೆ ಇಳಿದುಹೋದವು. ಕಣ್ಣು ಬಿಡುವ ಹೊತ್ತಿಗೆ ಆ ಕೋಣೆಯಲ್ಲಿ ಕರಿಹಲಗೆ ಇತ್ತು, ಹಲಗೆಯ ಮೇಲೆ ಒಂದು ತ್ರಿಕೋನವೂ ಇತ್ತು.

ನೆಟ್ಟ ಜಾಗದ ಹಕ್ಕಳೆ ಉದುರಿದ ಮೇಲೆ ಸಾಹೇಬರು ಕನ್ನಡಿ ನೋಡಿಕೊಂಡರು. ಹುಬ್ಬುಗಳು ಇದ್ದವು. ಗಿಡ್ಡ, ಸ್ವಲ್ಪ ಒರಟು, ಆದರೂ ಹುಬ್ಬುಗಳೇ. ಎಡದ್ದನ್ನು ಏರಿಸಿದರು, ಏರಿತು. ಬಲದ್ದನ್ನು ಏರಿಸಿದರು, ಎಡದ್ದೂ ಜೊತೆಗೆ ಏರಿತು. ಪರವಾಗಿಲ್ಲ, ಅಭ್ಯಾಸದಿಂದ ಬರುತ್ತದೆ ಅಂದುಕೊಂಡರು. ಕೋಣೆ ಹೋದರೆ ಹೋಯಿತು, ಇನ್ನು ಮುಂದೆ ಒಂದು ಮೊಳೆಯೂ ಈ ಮನೆಯಿಂದ ತಮ್ಮನ್ನು ಕೇಳದೆ ಹೊರಗೆ ಹೋಗುವುದಿಲ್ಲ.

ಕಚೇರಿಯಲ್ಲಿ ಗುಮಾಸ್ತ ಎಂದಿನಂತೆ ತಡವಾಗಿ ಬಂದ. ಸಾಹೇಬರು ಮಾತಾಡದೆ ಹುಬ್ಬು ಗಂಟಿಕ್ಕಿದರು. ಅವನು ಬಾಗಿಲಲ್ಲೇ ನಿಂತ. “ಸಾರಿ ಸಾರ್,” ಅಂದು, ತಲೆ ತಗ್ಗಿಸಿ ಹೋಗಿ ಕೂತ. ಹುಬ್ಬು ಹೋದಂದಿನಿಂದ ಆ ಪದ ಸಾಹೇಬರ ಕಿವಿಗೆ ಬಿದ್ದಿರಲಿಲ್ಲ.

ಈ ಸಾಮ್ರಾಜ್ಯ ಬಹಳ ದಿನ ಬಾಳಲಿಲ್ಲ. ಒಂದು ಬೆಳಗ್ಗೆ ದಿಂಬಿನ ಮೇಲೆ ಪುಟ್ಟ ಕೂದಲುಗಳು ಕಂಡವು. ಸಂಜೆ ಚಹಾದಲ್ಲಿ ಒಂದು ಕಂಡಿತು. ಕಚೇರಿಯ ಮೀಟಿಂಗಿನಲ್ಲಿ ಸಾಹೇಬರು ಹುಬ್ಬು ಗಂಟಿಕ್ಕಿ ಒಂದು ಮಾತಿಗೆ ಆಕ್ಷೇಪ ಎತ್ತಿದಾಗ ಎರಡು ಕೂದಲು ಫೈಲಿನ ಮೇಲೆ ಬಿದ್ದವು. ಪಕ್ಕದಲ್ಲಿ ಕೂತ ಗುಮಾಸ್ತ ಅವನ್ನು ಮೆಲ್ಲಗೆ ಊದಿ, “ಸಾರ್, ಜಾಸ್ತಿ ಸಿಟ್ಟು ಮಾಡ್ಕೋಬೇಡಿ, ಖರ್ಚಾಗಿ ಹೋಗತ್ತೆ,” ಅಂದ. ಆ ವಾರ ಮುಗಿಯುವ ಹೊತ್ತಿಗೆ ಹಣೆ ಮತ್ತೆ ಬಯಲಾಗಿತ್ತು. ಮೊದಲಿಗಿಂತ ಒಂದು ವ್ಯತ್ಯಾಸವಿತ್ತು: ಈಗ ಅಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು.

“ನೀರು ಜಾಸ್ತಿಯಾಯ್ತೋ ಏನೋ,” ಎಂದು ಅತ್ತೆ ಪಿಚಕಾರಿಯನ್ನು ನೋಡಿ ನೊಂದುಕೊಂಡರು.

ಡಾಕ್ಟರಿಗೆ ಫೋನು ಮಾಡಿದಾಗ, “ನೆಟ್ಟ ಕೂದಲು ಒಮ್ಮೆ ಉದುರತ್ತೆ. ಬೇರು ಒಳಗೇ ಇರತ್ತೆ. ತಿಂಗಳುಗಟ್ಟಲೆ ಕಾಯಬೇಕು,” ಎಂದು ಇಟ್ಟುಬಿಟ್ಟರು.

ಸಾಹೇಬರು ಕಾದರು. ಕಾಯುವುದೆಂದರೆ ಏನು ಎನ್ನುವುದು ಖಾಲಿ ಹಣೆಯನ್ನು ದಿನಾ ಬೆಳಗ್ಗೆ ಭೂತಗನ್ನಡಿಯಲ್ಲಿ ನೋಡಿಕೊಂಡವರಿಗಷ್ಟೇ ಗೊತ್ತು. ಊಟ ರುಚಿಸಲಿಲ್ಲ. ಶೆಡ್ಡಿಗೆ ಹೋಗಿ ರೇಡಿಯೊ ಮುಟ್ಟುವ ಮನಸ್ಸೂ ಆಗಲಿಲ್ಲ. ತಲೆಯ ಹಿಂದೆ ಕಿತ್ತ ಜಾಗ, ಕಣ್ಣಿನ ಮೇಲೆ ನೆಟ್ಟ ಜಾಗ, ಎರಡೂ ಖಾಲಿ. ಇದ್ದದ್ದೂ ಹೋಯಿತು, ಬಂದದ್ದೂ ಹೋಯಿತು, ನಡುವೆ ಕೋಣೆಯೂ ಹೋಯಿತು ಎಂದು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದರು. ದುಃಖ ಇಷ್ಟಿದ್ದರೂ ಮುಖ ಮಾತ್ರ ಯಾವುದೋ ಒಳ್ಳೆಯ ಸುದ್ದಿ ಕೇಳಿದ ಹಾಗೇ ಕಾಣುತ್ತಿತ್ತು. ಹಾಗಾಗಿ ಯಾರೂ ಸಂತೈಸಲೂ ಬರಲಿಲ್ಲ.

ಒಂದು ದಿನ ಮೇಲಿನ ಕಚೇರಿಯಿಂದ ದೊಡ್ಡ ಅಧಿಕಾರಿ ತನಿಖೆಗೆ ಬರುವವರಿದ್ದರು. ಸಾಹೇಬರು ಬೂಟು ಹಾಕಿಕೊಂಡು ಹೊಸಿಲಲ್ಲೇ ಕೂತುಬಿಟ್ಟರು. “ನಾನು ಹೋಗಲ್ಲ. ಈ ಮುಖ ಎತ್ಕೊಂಡು ಎಲ್ಲಿಗೂ ಹೋಗಲ್ಲ,” ಅಂದರು. ಹೆಂಡತಿ ಶಾಲೆಗೆ ಹೊರಟು ನಿಂತಿದ್ದವರು ಚೀಲ ಕೆಳಗಿಟ್ಟರು. ತಮ್ಮ ಹುಬ್ಬಿನ ಪೆನ್ಸಿಲ್ ತಂದು, ಗಂಡನ ಗಲ್ಲ ಹಿಡಿದು, ಹಣೆಯ ಮೇಲೆ ಎರಡು ಹುಬ್ಬು ಬರೆದರು. ದೂರ ನಿಂತು ನೋಡಿ, ಒಂದು ತುದಿಯನ್ನು ಬೆರಳಿಂದ ತೀಡಿ ಸರಿಮಾಡಿದರು.

“ಬೆವರು ಒರೆಸ್ಕೋಬೇಡಿ,” ಅಂದಷ್ಟೇ ಹೇಳಿ ಬಸ್ಸಿಗೆ ಓಡಿದರು. ಸಾಹೇಬರು ಎದ್ದು ಕಚೇರಿಗೆ ಹೊರಟರು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಹೀಗೆ ತಮ್ಮ ಮುಖವನ್ನು ಹಿಡಿದು ನೋಡಿದ್ದು ಅವರಿಗೆ ನೆನಪಾಗಲಿಲ್ಲ. (ಮಧ್ಯಾಹ್ನ ಬೆವರು ಒರೆಸಿಕೊಂಡರು. ಅಧಿಕಾರಿಯ ಎದುರು ಸಂಜೆಯವರೆಗೂ ಒಂದೇ ಹುಬ್ಬಿನಲ್ಲಿ ಲೆಕ್ಕ ಒಪ್ಪಿಸಿದರು. ಆ ಮಾತು ಬೇಡ.)

ಕೊನೆಗೂ ಒಂದು ಬೆಳಗ್ಗೆ ಭೂತಗನ್ನಡಿಯಲ್ಲಿ ಚಿಗುರು ಕಂಡಿತು. ಮೊದಲು ನೆರಳಿನಂತೆ, ಆಮೇಲೆ ರೇಖೆಯಂತೆ, ಆಮೇಲೆ ಅಪ್ಪಟ ಹುಬ್ಬಿನಂತೆ. ಅತ್ತೆ ಊರಿನಿಂದ ಮತ್ತೆ ಬಂದು, ಹತ್ತಿರದಿಂದ ನೋಡಿ, “ನಾನು ಹೇಳಲಿಲ್ವಾ, ಬಿಸಿಲು ಬಿದ್ದಿದ್ದಕ್ಕೇ,” ಅಂದರು. ಸಾಹೇಬರು ಆ ವಾರ ಕಾರಣವಿಲ್ಲದೆ ಎಲ್ಲರ ಮೇಲೂ ಸಿಟ್ಟಾದರು. ಗುಮಾಸ್ತ ಹೊತ್ತಿಗೆ ಸರಿಯಾಗಿ ಬಂದ. ಹಾಲಿನವನು ನೀರು ಕಡಿಮೆ ಮಾಡಿದ. ಹೆಂಡತಿಯ ಮೇಲೆ ಪ್ರಯೋಗಿಸಲು ಮಾತ್ರ ಒಳ್ಳೆಯ ಸಂದರ್ಭಕ್ಕೆ ಕಾದರು. ಅಸ್ತ್ರ ದೊಡ್ಡದು, ಹಾಗೆ ಸುಮ್ಮನೆ ಬಿಡುವಂತಿಲ್ಲ.

ಆದರೆ ಹುಬ್ಬುಗಳು ನಿಲ್ಲಲಿಲ್ಲ. ಹುಬ್ಬಾದ ಮೇಲೂ ಬೆಳೆದವು. ರೆಪ್ಪೆಯವರೆಗೆ ಬಂದವು, ರೆಪ್ಪೆ ದಾಟಿ ಕನ್ನಡಕದ ಒಳಗೆ ನುಗ್ಗಿದವು. ಗಾಳಿ ಬೀಸಿದರೆ ಒಂದು ಕಡೆಗೆ ವಾಲಿದವು. ಎಡದ್ದು ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಯಿತು, ಬಲದ್ದು ಸೋತು ಕೆಳಕ್ಕೆ ಬಿತ್ತು. ಗುಮಾಸ್ತ ಈಗ ಸಾಹೇಬರ ಮುಖ ನೋಡಿದರೆ ಹೆದರಬೇಕೋ ಬಾಚಣಿಗೆ ಕೊಡಬೇಕೋ ತಿಳಿಯದೆ ನಿಲ್ಲುತ್ತಿದ್ದ.

ಸಾಹೇಬರು ಆಸ್ಪತ್ರೆಗೆ ಓಡಿದರು. ಡಾಕ್ಟರು, “ಅದು ತಲೆಗೂದಲು. ತಲೆಯಲ್ಲಿ ಹೇಗೆ ಬೆಳೀತಿತ್ತೋ ಹಾಗೇ ಬೆಳೆಯತ್ತೆ. ಕತ್ತರಿಸ್ತಾ ಇರಬೇಕು. ಮೊದಲ ದಿನವೇ ಹೇಳಿದ್ನಲ್ಲ,” ಎಂದರು. ಹೇಳಿದ್ದೂ ನಿಜ. ಆಗ ಸಾಹೇಬರು ಫೋಟೊದ ಕಡೆ ನೋಡುತ್ತಿದ್ದರು.

ಕ್ಷೌರದಂಗಡಿಗೆ ಹೋದರು. ಕ್ಷೌರಿಕ ಬಹಳ ಹೊತ್ತು ಸುತ್ತ ತಿರುಗಿ ನೋಡಿ, “ಹೇಗೆ ಮಾಡ್ಲಿ ಸಾರ್? ಮುಂದೆ ಉದ್ದ ಬಿಟ್ಟು ಸೈಡಲ್ಲಿ ಸಣ್ಣ ಮಾಡ್ಲಾ?” ಅಂದ. ಕಾಯುತ್ತ ಕೂತಿದ್ದವರೆಲ್ಲ ಪೇಪರು ಕೆಳಗಿಳಿಸಿದರು. ಅವನು ಎಡ ಕತ್ತರಿಸಿದ, ಬಲ ಉದ್ದವಾಯಿತು. ಬಲ ಕತ್ತರಿಸಿದ, ಎಡ ಉದ್ದವಾಯಿತು. ಹೀಗೆ ನ್ಯಾಯ ಒದಗಿಸುತ್ತ ಒದಗಿಸುತ್ತ ಕೊನೆಗೆ ಎರಡು ಕಡೆಯೂ ಹಲ್ಲುಜ್ಜಿ ಸವೆದ ಬ್ರಷ್ಷಿನಂತಾಯಿತು. ಸಾಹೇಬರು ಟೋಪಿ ಎಳೆದುಕೊಂಡು ಸಂದಿಗೊಂದಿಗಳಲ್ಲಿ ಮನೆಗೆ ಬಂದರು.

ಹೆಂಡತಿ ನೋಡಿದರು. ಬಲಹುಬ್ಬು ಏರಿಸಲಿಲ್ಲ. “ಇದನ್ನ ಬೇರೆಯವರ ಕೈಗೆ ಕೊಡೋದಾ? ಅಳತೆ ಬೇಡ್ವಾ ಇದಕ್ಕೆಲ್ಲ? ಸ್ವಲ್ಪ ಬೆಳೀಲಿ, ಭಾನುವಾರ ನಾನೇ ಸರಿ ಮಾಡ್ತೀನಿ,” ಅಂದರು.

ಭಾನುವಾರ ಸಾಹೇಬರನ್ನು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿದರು. “ಕಣ್ಣು ಮುಚ್ಚಿ. ಅಲ್ಲಾಡಬೇಡಿ.” ತಣ್ಣಗಿನ ಕತ್ತರಿ ರೆಪ್ಪೆಯ ಮೇಲೆ ಬಂದು ನಿಂತಿತು.

ಚಕ್ ಎಂದು ಮೊದಲ ಕೂದಲು ಬಿತ್ತು. ಹೆಂಡತಿ ಮಾತು ಶುರು ಮಾಡಿದರು.

“ಅಮ್ಮ ಇನ್ಮೇಲೆ ಇಲ್ಲೇ ಇರ್ತಾಳೆ. ಅಲ್ಲಿ ಒಬ್ಬಳೇ ಏನು ಮಾಡ್ತಾಳೆ.”

ಇದೇ ಆ ಸಂದರ್ಭ ಎಂದು ಸಾಹೇಬರಿಗೆ ಹೊಳೆಯಿತು. ತಿಂಗಳುಗಟ್ಟಲೆ ನೋವು ತಿಂದು, ನೀರು ಚಿಮುಕಿಸಿಕೊಂಡು ಸಂಪಾದಿಸಿದ ಎರಡೂ ಹುಬ್ಬುಗಳನ್ನು ಒಟ್ಟಿಗೆ ಗಂಟಿಕ್ಕಲು ಹೊರಟರು.

“ಹುಬ್ಬು ಅಲ್ಲಾಡಿಸಬೇಡಿ, ಕತ್ತರಿ ಕಣ್ಣಿಗೆ ಹೋಗತ್ತೆ.”

ಸಾಹೇಬರು ಹುಬ್ಬನ್ನು ಇದ್ದಲ್ಲೇ ಬಿಟ್ಟರು. ಬಾಯಿ ತೆರೆದರು.

“ಬಾಯೀನೂ ಬೇಡ. ಕೂದಲು ಒಳಗೆ ಬೀಳತ್ತೆ. ಹ್ಞೂಂ ಅಂದ್ರೆ ಸಾಕು.”

ಕತ್ತರಿ ಬಲಗಣ್ಣಿನ ಅಂಚಿನಲ್ಲಿ ಕಾಯುತ್ತಿತ್ತು. “ಹ್ಞೂಂ,” ಅಂದರು ಸಾಹೇಬರು.

ಚಕ್. ಮನೆಗೆ ಬಣ್ಣ ಹೊಡೆಸುವುದಾಯಿತು. ಚಕ್. ರಜೆಯಲ್ಲಿ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎನ್ನುವುದಾಯಿತು. ಚಕ್ ಚಕ್. ಹೋದ ವರ್ಷ ಮದುವೆಮನೆಯೊಂದರಲ್ಲಿ ಸಾಹೇಬರು ಆಡಿದ ಒಂದು ಮಾತು, ಅದರ ಹಿಂದಿನ ವರ್ಷ ಆಡದೇ ಹೋದ ಇನ್ನೊಂದು ಮಾತು, ಎರಡೂ ವಿಚಾರಣೆಗೆ ಬಂದವು. ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಕೈ ಗಂಡನ ಗಲ್ಲ ಹಿಡಿದಿತ್ತು. ಸಾಹೇಬರು ಕತ್ತು ಬಾಗಿಸಿ, ಕಣ್ಣು ಮುಚ್ಚಿ, ಎಲ್ಲಕ್ಕೂ ಹ್ಞೂಂಗುಟ್ಟಿದರು.

ಕೊನೆಗೆ ಹೆಂಡತಿ ಅವರ ಮುಖದ ಮೇಲಿನ ಪುಡಿಗೂದಲನ್ನು ಉಫ್ ಎಂದು ಊದಿ, ದೂರ ನಿಂತು, ಸ್ಕೇಲು ಹಿಡಿದು ನೋಡಿದರು. ಎರಡೂ ಒಂದೇ ಸಮ.

“ರೀ, ಇದು ಎಲ್ಲಿವರೆಗೂ ಹೀಗೇ ಬೆಳೀತಿರತ್ತಂತೆ?”

“ಡಾಕ್ಟ್ರನ್ನ ಕೇಳ್ದೆ,” ಅಂದರು ಸಾಹೇಬರು ಟವೆಲ್ ಬಿಚ್ಚುತ್ತ. “ಜೀವ ಇರೋವರೆಗೂ ಅಂತೆ.”

ಹೆಂಡತಿ ಕತ್ತರಿ ಒರೆಸಿ ಡಬ್ಬಕ್ಕೆ ಹಾಕಿದರು. “ಒಳ್ಳೇದೇ ಆಯ್ತು ಬಿಡಿ,” ಅಂದರು. “ನಿಮ್ಮ ಹತ್ರ ಮಾತಾಡೋದು ಇನ್ನೂ ಬೇಕಾದಷ್ಟಿದೆ.”